ಹಂಟಿಂಗ್ಟನ್ ವ್ಯಾಧಿ: ರೋಗನಿದಾನದ ಕಥೆ

ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ ಸಿಕ್ಕುವ ನಮ್ಮ ಅತ್ತಿಗುಂಡಿಯ ಸುತ್ತಣ ಕಾಫಿ ತೋಟಗಳಲ್ಲಿ, ನಾಲ್ವತ್ತರ ಆಸುಪಾಸಿನ ಆಳೊಬ್ಬನ ಬೆರಳುಗಳು ತಾವಾಗಿ ತುಡಿಯತೊಡಗಿ, ನಡಿಗೆ ತೂರಾಡಿ, ಶಾಂತಸ್ವಭಾವದವನು ನಿಷ್ಕಾರಣವಾಗಿ ಸಿಡುಕುವವನಾದರೆ, ರೈಟರು ಅವನನ್ನು ಕುಡುಕನೆಂದು ಬಗೆದಾರು. ಲೈನುಮನೆಯವರು ಗಾಳಿ ಸೋಕಿತೆಂದು ಅಂತ್ರ ಕಟ್ಟಿಸಿಯಾರು. ಅವರನ್ನು ಹಳಿಯುವುದು ನ್ಯಾಯವಲ್ಲ. ವೈದ್ಯಶಾಸ್ತ್ರಕ್ಕೇ ಈ ವ್ಯಾಧಿಯ ಸ್ವರೂಪ ನಿಚ್ಚಳವಾದದ್ದು 1872ರಲ್ಲಿ.

ಆ ವರ್ಷ ಇದನ್ನು ವರ್ಣಿಸಿ ಲೇಖನ ಪ್ರಕಟಿಸಿದ ಅಮೆರಿಕದ ಜಾರ್ಜ್ ಹಂಟಿಂಗ್ಟನ್‌ಗೆ ಆಗ ಇಪ್ಪತ್ತೆರಡೇ ವರ್ಷ. ಆತನ ತಾತನೂ ತಂದೆಯೂ ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್ ಗ್ರಾಮದಲ್ಲಿ ವೈದ್ಯರಾಗಿದ್ದವರು. ಬಾಲ್ಯದಲ್ಲಿ ತಂದೆಯೊಡನೆ ರೋಗಿಗಳ ಮನೆಗೆ ಹೋಗುವಾಗ, ಕೃಶಕಾಯದ ತಾಯಿ ಮಗಳಿಬ್ಬರು ಮೈ ಬಳುಕಿಸುತ್ತ, ಮುಖ ಸೊಟ್ಟಗೆ ಮಾಡುತ್ತ ರಸ್ತೆಯಲ್ಲಿ ಎದುರಾದುದನ್ನು ಕಂಡು ಆ ಹುಡುಗ ಬೆಚ್ಚಿದ್ದನು. ವಂಶಪಾರಂಪರ್ಯ, ಚಿತ್ತವಿಕಾರ ಮತ್ತು ಆತ್ಮಹತ್ಯೆಯ ಪ್ರವೃತ್ತಿ, ಪ್ರೌಢವಯಸ್ಸಿನಲ್ಲಿ ಆರಂಭ ಎಂಬ ಮೂರು ಲಕ್ಷಣಗಳನ್ನು ಹೇಳಿ, ರೋಗ ತಟ್ಟದವನ ಸಂತತಿಯಲ್ಲಿ ಅದು ಮರಳಿ ತಲೆಯೆತ್ತದೆಂಬ ಸೂಕ್ಷ್ಮವನ್ನೂ ಆತನು ಕಂಡಿದ್ದನು. ಮೆಂಡೆಲನ ಅನುವಂಶೀಯತೆಯ ನಿಯಮಗಳು ಲೋಕದ ಗಮನಕ್ಕೆ ಬಂದದ್ದು 1900ರಲ್ಲೆಂಬುದನ್ನು ನೆನೆದರೆ, ಮೂರು ತಲೆಮಾರಿನ ವೈದ್ಯರ ನೆನಪು ಎಂತಹ ಉಪಕರಣವಾಗಿತ್ತೆಂಬುದು ತಿಳಿದೀತು.

ಈ ವ್ಯಾಧಿ ತಟ್ಟುವುದು ಮಿದುಳಿನ ಒಳಭಾಗಕ್ಕೆ. ಚಲನೆಯನ್ನು ಹದದಲ್ಲಿಡುವ ಕಾಡೇಟ್ ಎಂಬ ಭಾಗ ಕ್ರಮೇಣ ಕುಗ್ಗುವುದನ್ನು ಸ್ಕ್ಯಾನಿನಲ್ಲಿ ಕಾಣಬಹುದು. ಆದರೆ ಅದಕ್ಕೂ ಮೊದಲೇ ಮರೆವು, ಖಿನ್ನತೆ, ಕಣ್ಣುಗಳ ಹೊರಳಾಟದಲ್ಲಿ ಮಾಂದ್ಯ ಇವು ಮೂಡಿರಬಹುದು. ಚಾಚಿದ ನಾಲಗೆಯನ್ನು ಕ್ಷಣಕಾಲ ಹಾಗೆಯೇ ಹಿಡಿದಿಡಲಾಗದಿರುವುದು ವೈದ್ಯರು ಇಂದಿಗೂ ಪರೀಕ್ಷಿಸುವ ಸರಳ ಗುರುತು. ಬರಬರುತ್ತ ನುಂಗುವುದೂ ಕಷ್ಟವಾಗಿ ದೇಹ ಸೊರಗುತ್ತದೆ.

1983ರಲ್ಲಿ ಈ ದೋಷದ ನೆಲೆ ನಾಲ್ಕನೆಯ ವರ್ಣತಂತುವಿನಲ್ಲಿದೆಯೆಂದು ಗೊತ್ತಾಯಿತು. 1993ರಲ್ಲಿ ವಂಶವಾಹಿಯೇ ಕೈಗೆ ಸಿಕ್ಕಿತು. ಅದರಲ್ಲಿ ಸಿ.ಎ.ಜಿ. ಎಂಬ ಮೂರಕ್ಷರದ ಸಾಲು 26 ಅಥವಾ ಅದಕ್ಕಿಂತ ಕಡಿಮೆ ಸಲ ಬಂದರೆ ಸಹಜ, 40 ಅಥವಾ ಹೆಚ್ಚು ಸಲ ಬಂದರೆ ರೋಗ ನಿಶ್ಚಿತ. ಪೀಡಿತರ ಪ್ರತಿಯೊಂದು ಮಗುವಿಗೂ ಇದು ಬರುವ ಸಂಭವ ಅರ್ಧಕ್ಕರ್ಧ.

ಹಂಟಿಂಗ್ಟನ್‌ಗೆ ಒದಗಿದ ಅನುಕೂಲ ನಮ್ಮ ತೋಟಗಳಲ್ಲಿ ದುರ್ಲಭ. ಬಯಲುಸೀಮೆಯಿಂದಲೋ ಘಟ್ಟದ ಕೆಳಗಿನಿಂದಲೋ ತಮಿಳುನಾಡಿನಿಂದಲೋ ಕೂಲಿಗೆ ಬಂದು ತೋಟದಿಂದ ತೋಟಕ್ಕೆ ಸಾಗಿದ ಮನೆತನದಲ್ಲಿ, ತಾತ ಯಾವ ಕಾಯಿಲೆಯಿಂದ ಸತ್ತನೆಂದು ಹೇಳಬಲ್ಲವರು ಎಷ್ಟೋ ವೇಳೆ ಇರುವುದಿಲ್ಲ. ಅಂತಹವರ ಪಾಲಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡುವ ರಕ್ತಪರೀಕ್ಷೆಯೇ ವಂಶವೃಕ್ಷ. ರೋಗವನ್ನು ತಡೆಯುವ ಔಷಧವಿಲ್ಲವಾದರೂ, ಅನೈಚ್ಛಿಕ ಚಲನೆಯನ್ನು ಟೆಟ್ರಾಬೆನಜೀನ್ ತಗ್ಗಿಸಬಲ್ಲುದು, ಖಿನ್ನತೆಗೂ ಚಿಕಿತ್ಸೆಯುಂಟು.

ಲಕ್ಷಣವೇ ಇಲ್ಲದವರು ಪರೀಕ್ಷೆ ಮಾಡಿಸಿಕೊಳ್ಳುವುದು ಮಾತ್ರ ಬೇರೆಯೇ ಪ್ರಶ್ನೆ. ಅದಕ್ಕೆ ಮುಂಚೆ ಆಪ್ತಸಮಾಲೋಚನೆ ನಡೆಯತಕ್ಕದ್ದು; ಲಕ್ಷಣಗಳಿಲ್ಲದ ಮಕ್ಕಳಿಗೆ ಪರೀಕ್ಷೆ ಸಲ್ಲದೆಂಬುದು ಸರ್ವಸಮ್ಮತ ಪದ್ಧತಿ. ತಾಯಿಯನ್ನು ಇದೇ ರೋಗಕ್ಕೆ ಕಳೆದುಕೊಂಡು, ವೆನೆಜುವೆಲಾದ ಮಾರಕೈಬೊ ಸರೋವರದ ದಡದ ಕುಟುಂಬಗಳ ನಡುವೆ ವರ್ಷಾನುವರ್ಷ ದುಡಿದು ಆ ವಂಶವಾಹಿಯ ಶೋಧಕ್ಕೆ ಮುಂದಾಳಾದ ನ್ಯಾನ್ಸಿ ವೆಕ್ಸ್‌ಲರ್ ಅವರು ಕೂಡ, ತಮಗೂ ಅದು ಬಂದಿದೆಯೆಂದು ಬಹಿರಂಗವಾಗಿ ಹೇಳಿದ್ದು 2020ರಲ್ಲಿ.