ಇಳಿಜಾರಿನಲ್ಲಿ ಬಡಾವಣೆ: ಅನುಮತಿಗೆ ಮುನ್ನ ಅಳೆಯಬೇಕಾದದ್ದು

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗುಡ್ಡದ ಇಳಿಜಾರಿನಲ್ಲಿ ವಸತಿ ಬಡಾವಣೆಯ ಪ್ರಸ್ತಾವ ಬಂದಾಗ ಊರಿನಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಊರು ಬೆಳೆಯಲಿ ಎಂಬುದು ಒಂದು. ಹೊರಗಿನವರು ಬರುವುದೇ ಬೇಡ ಎಂಬುದು ಇನ್ನೊಂದು. ಈ ವಾಗ್ವಾದದಲ್ಲಿ ಮುಖ್ಯ ಪ್ರಶ್ನೆ ಮರೆತುಹೋಗುತ್ತದೆ: ಆ ಗುಡ್ಡವು ಅಷ್ಟು ಅಗೆತವನ್ನೂ ಅಷ್ಟು ನೀರನ್ನೂ ತಾಳಬಲ್ಲುದೇ? ಈ ಪ್ರಶ್ನೆಗೆ ಅಳತೆಯ ಮೂಲಕ ಉತ್ತರ ಕಂಡುಕೊಳ್ಳುವುದೇ ಪರಿಸರ ಪರಿಣಾಮದ ಪರಿಶೀಲನೆ.

2018ರ ಆಗಸ್ಟ್ ಮಧ್ಯಭಾಗದಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಮತ್ತು ಅದರಾಚೆಗಿನ ಜೋಡುಪಾಲದವರೆಗೆ ಗುಡ್ಡಗಳು ಜರಿದವು. ಜೀವಗಳು ಹೋದವು, ಮನೆ, ತೋಟ, ಗದ್ದೆಗಳು ಮಣ್ಣಿನಡಿ ಸೇರಿದವು. ಹಾರಂಗಿ ಜಲಾಶಯದಲ್ಲಿ ಹೂಳು ತುಂಬಿತು. ಅಸಾಧಾರಣ ಮಳೆಯೇ ಕುಸಿತದ ತಕ್ಷಣದ ಕಾರಣವಾಗಿದ್ದರೂ, ರಸ್ತೆಗೂ ಮನೆಗೂ ಇಳಿಜಾರನ್ನು ನೆಟ್ಟಗೆ ಕಡಿದದ್ದು ಗುಡ್ಡಗಳನ್ನು ದುರ್ಬಲಗೊಳಿಸಿತ್ತೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. ಮಳೆಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಗುಡ್ಡ ಕಡಿಯುವುದನ್ನು ತಡೆಯುವ ಅಧಿಕಾರ ಮಾತ್ರ ಅವನ ಕೈಯಲ್ಲೇ ಇದೆ.

ಆದರೆ ಆ ಅಧಿಕಾರ ಬಳಕೆಯಾಗುವ ಬಗೆ ಹೇಗೆ? 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ, ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಕಟ್ಟಡ ಯೋಜನೆಗೆ ಪೂರ್ವಾನುಮತಿ ಬೇಕು. ಪ್ರದೇಶಾಭಿವೃದ್ಧಿಯ ಯೋಜನೆಯಾದರೆ 50 ಹೆಕ್ಟೇರ್ ಭೂಮಿ ಅಥವಾ 1,50,000 ಚದರ ಮೀಟರ್ ನಿರ್ಮಿತ ವಿಸ್ತೀರ್ಣದ ಮಿತಿಯಿದೆ. 50 ಹೆಕ್ಟೇರ್ ಎಂದರೆ ಸುಮಾರು 123 ಎಕರೆ. ಹತ್ತೋ ಇಪ್ಪತ್ತೋ ಎಕರೆ ಕಾಫಿ ತೋಟವನ್ನು ತುಂಡು ಮಾಡಿ ಬರಿಯ ನಿವೇಶನಗಳನ್ನಷ್ಟೇ ಮಾರಿದರೆ ಅದು ಈ ಮಿತಿಗಳನ್ನು ಮುಟ್ಟುವುದೇ ಇಲ್ಲ. ಬಳಿಕ ಕೊಂಡವರು ಒಬ್ಬೊಬ್ಬರಾಗಿ ಮನೆ ಕಟ್ಟುತ್ತಾರೆ. ಒಟ್ಟು ಗುಡ್ಡದ ಲೆಕ್ಕ ಯಾವ ಕಡತದಲ್ಲೂ ಉಳಿಯುವುದಿಲ್ಲ. ಮಿತಿ ಮೀರಿದ ಕಟ್ಟಡ ಯೋಜನೆಗಳಿಗೂ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಉಂಟು. ಹೀಗಾಗಿ ಪರಿಶೀಲನೆಯ ಹೊಣೆ ಊರಿನ ಮೇಲೆಯೇ ಬೀಳುತ್ತದೆ.

ಮೊದಲನೆಯ ಅಳತೆ ಇಳಿಜಾರಿನದು. 20 ಡಿಗ್ರಿ ಇಳಿಜಾರಿನಲ್ಲಿ 30–40 ಅಡಿಯ ಒಂದು ನಿವೇಶನವನ್ನು, ಅದರ 40 ಅಡಿ ಉದ್ದ ಇಳಿಜಾರಿನ ದಿಕ್ಕಿಗಿರುವಂತೆ, ಪೂರ್ತಿ ಕಡಿದು ಮಟ್ಟ ಮಾಡಿದರೆ ಹಿಂಬದಿಯಲ್ಲಿ ಸುಮಾರು ಹದಿನಾಲ್ಕೂವರೆ ಅಡಿ ಎತ್ತರದ ಧರೆ, ಕೊಡಗಿನವರು ಬರೆ ಎನ್ನುವಂಥದ್ದು, ಏಳುತ್ತದೆ. ಹೊರಬರುವ ಮಣ್ಣು 8,700 ಘನ ಅಡಿ. ಅದನ್ನು ಕೆಳಬದಿಗೆ ದೂಡಿದರೆ ಮೇಲೆ ಆಸರೆ ತಪ್ಪಿದ ಧರೆ, ಕೆಳಗೆ ಸಡಿಲ ಮಣ್ಣಿನ ರಾಶಿ, ನಡುವೆ ಮನೆ. ಇದು ಒಂದೇ ನಿವೇಶನದ ಲೆಕ್ಕ.

ಎರಡನೆಯದು ನೀರು. 100 ಮಿಲಿಮೀಟರ್ ಮಳೆ ಸುರಿದ ದಿನ ಒಂದು ಎಕರೆಯ ಮೇಲೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಂಥ ದಿನ ಅಪರೂಪವಲ್ಲ. ನೆರಳಿನ ಮರಗಳಿರುವ ತೋಟದಲ್ಲಿ ಎಲೆ, ತರಗು, ಬೇರುಗಳು ಆ ನೀರಿನ ವೇಗವನ್ನು ತಗ್ಗಿಸಿ ನಿಧಾನವಾಗಿ ಇಳಿಸುತ್ತವೆ. ತಾರಸಿ ಮತ್ತು ಕಾಂಕ್ರೀಟ್ ರಸ್ತೆ ಅದನ್ನು ಒಂದೇ ಕಡೆಗೆ ರಭಸದಿಂದ ಹರಿಯಬಿಡುತ್ತವೆ. ಬೇಸಿಗೆಯಲ್ಲಿ ಒಣಗಿರುವ ಸಣ್ಣ ತೋಡನ್ನು ಮುಚ್ಚಿ ನಿವೇಶನ ಮಾಡಿದರೆ ಆಷಾಢದಲ್ಲಿ ನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ. ಆದುದರಿಂದ ಸ್ಥಳಪರೀಕ್ಷೆಯನ್ನು ಮಳೆಗಾಲದಲ್ಲಿಯೇ ಮಾಡಬೇಕು.

ಮೂರನೆಯದು ಬೇರು. ಮರ ಕಡಿದ ವರ್ಷ ಗುಡ್ಡ ಕುಸಿಯದಿರಬಹುದು. ಬುಡದಲ್ಲಿ ಉಳಿದ ಬೇರುಗಳು ಕೆಲವು ವರ್ಷ ಮಣ್ಣನ್ನು ಹಿಡಿದಿರುತ್ತವೆ. ಕೊಳೆತಂತೆಲ್ಲ ಆ ಹಿಡಿತ ಸಡಿಲುತ್ತದೆ. ಬಡಾವಣೆಯವರು ನಿವೇಶನ ಮಾರಿ ಹೋದ ಮೇಲೆಯೇ ಅಪಾಯದ ಕಾಲ ಆರಂಭವಾಗುವುದು.

ನಾಲ್ಕನೆಯದು ಬಳಸಿದ ನೀರು. ಪ್ರತಿ ಮನೆಗೂ ಶೌಚದ ಗುಂಡಿ, ಬಚ್ಚಲ ನೀರಿನ ಗುಂಡಿ ಬೇಕು. ಬಯಲುನಾಡಿನಲ್ಲಿ ಒಳ್ಳೆಯದೆನಿಸಿದ ಇಂಗುಗುಂಡಿ, ಕಡಿದ ಧರೆಯ ನೆತ್ತಿಯಲ್ಲಿ ತೋಡಿದರೆ ಮಣ್ಣನ್ನು ಒಳಗಿನಿಂದ ನೆನೆಸಿ ಭಾರವಾಗಿಸುತ್ತದೆ. ಆ ಕೊಳೆನೀರೇ ಕೆಳಗಿನ ಒರತೆಗೂ ಬಾವಿಗೂ ಇಳಿಯುತ್ತದೆ. ಹೀಗೆ ನಿವೇಶನ ಕೊಳ್ಳದವರೂ ಅದರ ಬೆಲೆ ತೆರುತ್ತಾರೆ.

ಮಲೆನಾಡಿನಲ್ಲಿ ಮನೆಯೇ ಬೇಡವೆಂಬುದು ಇದರ ಅರ್ಥವಲ್ಲ. ಗುಡ್ಡದ ಮಕ್ಕಳಿಗೂ ಸೂರು ಬೇಕು. 2018ರಲ್ಲಿ ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಮನೆಗಳನ್ನು ಕಟ್ಟಲೇಬೇಕಾಯಿತು. ಗದ್ದೆಬಯಲಿನ ಅಂಚಿನ ಎತ್ತರದಲ್ಲಿ ನೆಲೆ ನೋಡಿ ಕಟ್ಟಿದ ಕೊಡಗಿನ ಐನ್‌ಮನೆಗಳು ತಲೆಮಾರುಗಳನ್ನು ಕಂಡಿವೆ. ಅಲ್ಲಿ ನೆಲಕ್ಕೆ ಮನೆಯನ್ನು ಹೊಂದಿಸಲಾಗಿತ್ತು; ಇಂದಿನ ಬಡಾವಣೆಯಲ್ಲಿ ನಕ್ಷೆಗೆ ನೆಲವನ್ನು ಹೊಂದಿಸಲಾಗುತ್ತಿದೆ. ಭೇದವಿರುವುದು ಇಲ್ಲಿ.

ಹಾಗಾದರೆ ಗ್ರಾಮಸ್ಥರು ಮಾಡಬೇಕಾದುದೇನು? ಭೂಪರಿವರ್ತನೆಯ ಅರ್ಜಿಯ ಹಂತದಲ್ಲಿಯೇ ಎಚ್ಚರಗೊಳ್ಳಬೇಕು. ಅಗೆಯುವ ಯಂತ್ರ ಬಂದ ಮೇಲೆ ಮಾಡುವ ಪ್ರತಿಭಟನೆ ತಡವಾದುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ನಕ್ಷೆ, ಷರತ್ತುಗಳ ಪ್ರತಿ ಪಡೆಯಬೇಕು. ವಿದ್ಯಾರ್ಥಿಗಳು ಒಂದು ಮಳೆಗಾಲ ನಡೆದಾಡಿ ತೋಡು, ಒರತೆ, ಹಳೆಯ ಕುಸಿತದ ಗುರುತು, ಬಾಗಿದ ಮರ, ನೆಲದ ಬಿರುಕುಗಳನ್ನು ಸರ್ವೆ ನಂಬರಿನ ನಕ್ಷೆಯಲ್ಲಿ ಗುರುತಿಸಬೇಕು. ಆ ನಕ್ಷೆಯನ್ನು ಗ್ರಾಮಸಭೆಯ ಮುಂದಿಟ್ಟು ನಿರ್ಣಯವನ್ನು ದಾಖಲಿಸಬೇಕು. ಒಂದೊಂದು ನಿವೇಶನವನ್ನಲ್ಲ, ನೆತ್ತಿಯಿಂದ ಗದ್ದೆಯವರೆಗಿನ ಇಡೀ ಗುಡ್ಡವನ್ನು ಒಟ್ಟಾಗಿ ಪರಿಶೀಲಿಸಿರೆಂದು ಜಿಲ್ಲಾಡಳಿತವನ್ನು ಕೇಳಬೇಕು.

ಅಧಿಸೂಚನೆಯ ಮಿತಿ ಚದರ ಮೀಟರಿನಲ್ಲಿದೆ. ಗುಡ್ಡದ ಮಿತಿ ಅದರ ಇಳಿಜಾರು, ಮಣ್ಣು ಮತ್ತು ನೀರಿನಲ್ಲಿದೆ. ಎರಡನೆಯದನ್ನು ಬಲ್ಲವರು ಆ ಗುಡ್ಡದ ಬುಡದಲ್ಲಿಯೇ ವಾಸಿಸುತ್ತಿದ್ದಾರೆ. ಅವರ ತಿಳಿವಳಿಕೆ ಬರಹಕ್ಕಿಳಿದು ಕಡತ ಸೇರುವವರೆಗೆ ಯಾವ ಪರಿಶೀಲನೆಯೂ ಪೂರ್ಣವಾಗದು.