ನಮ್ಮ ನಗರಸಭೆ: ಆಡಳಿತ ಮತ್ತು ಚುನಾವಣೆ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಗರಾಡಳಿತದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಸ್ವಲ್ಪ ಹಿಂಜರಿದೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ರಾಜ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಚುನಾವಣೆ ಬಂದಾಗ ಸರ್ಕಾರ ನಮ್ಮಂಥವರನ್ನು ಕರೆಯುವಾಗ ನಿಮ್ಮ ವಿಷಯ ಯಾವುದು ಎಂದು ಕೇಳುವುದಿಲ್ಲ. ಆದ್ದರಿಂದ ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ಮತಗಟ್ಟೆಯ ಮೇಜಿನ ಹಿಂದೆ ಕುಳಿತು ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ಮಡಿಕೇರಿ ನಗರಸಭೆಗೆ ಮತದಾನ ನಡೆದದ್ದು 2021ರ ಏಪ್ರಿಲ್ 27ರಂದು. ಕೋವಿಡ್‌ನ ಎರಡನೇ ಅಲೆಯ ದಿನಗಳು. ಅದೇ ರಾತ್ರಿ ಒಂಬತ್ತು ಗಂಟೆಯಿಂದ ಇಡೀ ರಾಜ್ಯ ಬಂದ್ ಆಗಲಿದೆ ಎಂದು ಹಿಂದಿನ ದಿನವಷ್ಟೇ ಘೋಷಣೆಯಾಗಿತ್ತು. ರಂಜಾನ್ ತಿಂಗಳು ಬೇರೆ. ಉಪವಾಸ, ಮುಖಕ್ಕೆ ಮಾಸ್ಕ್, ಕೈಗೆ ಸ್ಯಾನಿಟೈಸರ್ ವಾಸನೆ. ನನ್ನ ಕೆಲಸ ಮತದಾರರ ಬೆರಳಿಗೆ ಶಾಯಿ ಹಚ್ಚಿ ಪುಸ್ತಕದಲ್ಲಿ ಸಹಿ ಪಡೆಯುವುದು. ಮತದಾನ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿದ್ದಾಗ ಒಬ್ಬ ವೃದ್ಧೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಪಕ್ಕದಲ್ಲಿದ್ದ ಅಧಿಕಾರಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಬಾರಿ ನೋಡಿದರು. ಹೆಸರಿಲ್ಲ. ಅಜ್ಜಿ ನನ್ನ ಕಡೆ ತಿರುಗಿ, "ಬೇಟಿ, ಕಾರ್ಡ್ ಇದೆಯಲ್ಲಾ, ನೋಡು" ಎಂದರು.

ಕಾರ್ಡ್ ಸರಿಯಾಗಿಯೇ ಇತ್ತು. ಅದರಲ್ಲಿದ್ದ ವಿಳಾಸ ಮಾತ್ರ ಗುಡ್ಡದ ಆ ಬದಿಯದು. 2018ರ ಮಳೆಗೆ ಮನೆಯ ಹಿಂದಿನ ಬರೆ ಕುಸಿದ ಮೇಲೆ ಅವರು ಮಗಳ ಮನೆಗೆ ಬಂದು ನೆಲೆಸಿದ್ದರು. ಮನೆ ಬದಲಾಯಿತು, ವಾರ್ಡ್ ಬದಲಾಯಿತು, ಮತದಾರರ ಪಟ್ಟಿಯಲ್ಲಿ ಹೆಸರು ಮಾತ್ರ ಹಳೆಯ ವಾರ್ಡಿನಲ್ಲೇ ಉಳಿದಿತ್ತು. ಮನೆಯಲ್ಲಿ ಓದಿದ ಮೊಮ್ಮಕ್ಕಳು ಇಬ್ಬರಿದ್ದರು. ಆ ಮೂರು ವರ್ಷಗಳಲ್ಲಿ ಒಂದು ಅರ್ಜಿ ತುಂಬಿಸಬೇಕು ಎಂದು ಯಾರಿಗೂ ತೋಚಿರಲಿಲ್ಲ. "ಅಮ್ಮಾ, ನಿಮ್ಮ ಓಟು ಆ ಕಡೆಯ ಶಾಲೆಯಲ್ಲಿದೆ, ಬೇಗ ಹೋಗಿ" ಎಂದು ಹೇಳಿ ಕಳಿಸಿದೆವು. ಅವರು ಇಳಿದುಹೋದರು. ಅಲ್ಲಿಗೆ ಮುಟ್ಟಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಒಂದು ಓಟು ತಾನೇ ಎಂದು ನೀವು ಹೇಳಬಹುದು. ಇಲ್ಲೇ ಲೆಕ್ಕ ನೋಡಬೇಕು. 2011ರ ಜನಗಣತಿಯಂತೆ ಮಡಿಕೇರಿಯ ಜನಸಂಖ್ಯೆ 33,381. ನಗರಸಭೆಯ ವಾರ್ಡುಗಳು 23. ಭಾಗಿಸಿದರೆ ಒಂದು ವಾರ್ಡಿಗೆ ಸುಮಾರು ಒಂದೂವರೆ ಸಾವಿರ ಜನ. ಅದರಲ್ಲಿ ಮಕ್ಕಳನ್ನು ಬಿಡಿ, ಊರು ಬಿಟ್ಟು ದುಡಿಯಲು ಹೋದವರನ್ನು ಬಿಡಿ, ಮತ ಹಾಕಲು ಬಾರದವರನ್ನು ಬಿಡಿ. ಉಳಿದ ಕೆಲವು ನೂರು ಮತಗಳು ಮೂರು ನಾಲ್ಕು ಅಭ್ಯರ್ಥಿಗಳ ನಡುವೆ ಹಂಚಿಹೋಗುತ್ತವೆ. ಲೋಕಸಭೆಯ ಚುನಾವಣೆಯಲ್ಲಿ ಒಂದು ಕುಟುಂಬದ ಎಂಟು ಮತ ಸಮುದ್ರದಲ್ಲಿ ಹನಿ. ವಾರ್ಡಿನಲ್ಲಿ ಅದೇ ಎಂಟು ಮತ ಫಲಿತಾಂಶವನ್ನೇ ತಿರುಗಿಸಬಹುದು. ಆದರೂ ಟಿ.ವಿ. ನೋಡಿಕೊಂಡು ದೆಹಲಿಯ ಚುನಾವಣೆಯ ಬಗ್ಗೆ ರಾತ್ರಿಯಿಡೀ ವಾದ ಮಾಡುವ ನಮ್ಮ ಯುವಕರಿಗೆ ತಮ್ಮ ವಾರ್ಡಿನ ಸಂಖ್ಯೆ ಕೇಳಿದರೆ ಗೊತ್ತಿರುವುದಿಲ್ಲ. ತರಗತಿಯಲ್ಲಿ ಕೇಳಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಈಗ ಈ ಸಭೆ ಎಲ್ಲಿಂದ ಬಂತು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. 24 ಸ್ಥಾನಗಳ ಸ್ವಂತ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. ವಿಲೀನದ ನಂತರ, ಇಡೀ ರಾಜ್ಯಕ್ಕೆ ಒಂದೇ ಆಗಿ ಬಂದ 1964ರ ಪುರಸಭೆಗಳ ಕಾಯ್ದೆಯಡಿ ನಮ್ಮ ಪಟ್ಟಣಗಳೂ ಬಂದವು. ಆದರೆ ಆಗ ಚುನಾವಣೆ ನಡೆಸುವುದೂ ಬಿಡುವುದೂ ಸರ್ಕಾರದ ಮರ್ಜಿ. ಅದನ್ನು ಬದಲಾಯಿಸಿದ್ದು ಸಂವಿಧಾನದ 74ನೇ ತಿದ್ದುಪಡಿ. 1993ರ ಜೂನ್ 1ರಂದು ಜಾರಿಗೆ ಬಂದ ಈ ತಿದ್ದುಪಡಿ ನಗರಸಭೆಗೆ ಐದು ವರ್ಷದ ಅವಧಿ ಕೊಟ್ಟಿತು, ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದಿತು, ಅದನ್ನು ನಡೆಸುವ ಹೊಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಕೊಟ್ಟಿತು. ವಿದ್ಯಾರ್ಥಿಗಳು ಇಲ್ಲಿ ಒಂದು ವ್ಯತ್ಯಾಸ ನೆನಪಿಡಬೇಕು, ಪರೀಕ್ಷೆಯಲ್ಲಿ ತಪ್ಪುವುದು ಇಲ್ಲೇ. ವಿಧಾನಸಭೆ, ಲೋಕಸಭೆಗೆ ಚುನಾವಣೆ ನಡೆಸುವುದು ಭಾರತದ ಚುನಾವಣಾ ಆಯೋಗ. ಪಂಚಾಯತ್ ಮತ್ತು ನಗರಸಭೆಗೆ ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ.

ಕಾಯ್ದೆಯ ಪ್ರಕಾರ ಹತ್ತರಿಂದ ಇಪ್ಪತ್ತು ಸಾವಿರ ಜನರಿದ್ದರೆ ಪಟ್ಟಣ ಪಂಚಾಯತ್, ಐವತ್ತು ಸಾವಿರದವರೆಗೆ ಪುರಸಭೆ, ಮೂರು ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರಪಾಲಿಕೆ. ಬರೀ ಜನಸಂಖ್ಯೆ ನೋಡಿದರೆ ಮಡಿಕೇರಿಯದು ಪುರಸಭೆಯ ಅಳತೆ, ಆದರೆ ಜಿಲ್ಲಾ ಕೇಂದ್ರದಲ್ಲಿರುವುದು ನಗರಸಭೆ. ಕುಶಾಲನಗರ ಮತ್ತು ವಿರಾಜಪೇಟೆ ಪಟ್ಟಣ ಪಂಚಾಯತ್‌ಗಳಾಗಿದ್ದು ಇತ್ತೀಚಿನ ವರ್ಷಗಳಲ್ಲಿ ಪುರಸಭೆಗಳಾದವು. ಹಳ್ಳಿಯ ಗ್ರಾಮ ಪಂಚಾಯತ್‌ಗೆ ಪಕ್ಷದ ಚಿಹ್ನೆಯಿಲ್ಲ. ಪಟ್ಟಣದಲ್ಲಿ ಪಕ್ಷದ ಚಿಹ್ನೆಯ ಮೇಲೆಯೇ ಸ್ಪರ್ಧೆ. ಯಾವ ಪಕ್ಷ ಎಷ್ಟು ಗೆದ್ದಿತು ಎಂಬ ಮಾತು ಈ ವೇದಿಕೆಗೆ ಬೇಡ, ಅದನ್ನು ನೀವು ಚಹಾ ಕುಡಿಯುವಾಗ ಮಾತನಾಡಿಕೊಳ್ಳಿ.

ಗೆದ್ದ ಸದಸ್ಯರ ಜೊತೆಗೆ ಆ ಕ್ಷೇತ್ರದ ಶಾಸಕರು, ಸಂಸದರು ಕೂಡ ನಗರಸಭೆಯಲ್ಲಿ ಕುಳಿತು ಮತ ಹಾಕಬಹುದು. ಸರ್ಕಾರ ಐವರವರೆಗೆ ನಾಮನಿರ್ದೇಶನ ಮಾಡಬಹುದು, ಅವರಿಗೆ ಮಾತಿದೆ, ಮತವಿಲ್ಲ. ಅಧ್ಯಕ್ಷರನ್ನು ನಾವು ನೇರವಾಗಿ ಆರಿಸುವುದಿಲ್ಲ, ಸಭೆಯೇ ಆರಿಸುತ್ತದೆ. ಎರಡೂವರೆ ವರ್ಷಕ್ಕೊಮ್ಮೆ ಆ ಸ್ಥಾನದ ಮೀಸಲಾತಿ ಬದಲಾಗುತ್ತದೆ. ಸಭೆ ನಿರ್ಣಯ ಮಾಡಿದ ಮೇಲೆ ಅದನ್ನು ಜಾರಿಗೆ ತರುವವರು ಪೌರಾಯುಕ್ತರು, ಅವರು ಸರ್ಕಾರಿ ಅಧಿಕಾರಿ. ಪುರಸಭೆಯಲ್ಲಾದರೆ ಮುಖ್ಯಾಧಿಕಾರಿ. ಇವರೆಲ್ಲರ ಮೇಲೆ ಜಿಲ್ಲಾಧಿಕಾರಿಗಳ ಮೇಲ್ವಿಚಾರಣೆ.

ಇಷ್ಟು ಕೇಳಲು ಚೆನ್ನಾಗಿದೆ. ನಡೆಯುವುದು ಹೇಗೆ? ಕೊಡಗಿನ ಮೂರು ಪಟ್ಟಣ ಪಂಚಾಯತ್‌ಗಳಿಗೆ 2018ರ ಅಕ್ಟೋಬರ್‌ನಲ್ಲಿ ಚುನಾವಣೆ ಆಯಿತು. ಸದಸ್ಯರು ಗೆದ್ದು ಹಾರ ಹಾಕಿಸಿಕೊಂಡರು. ಆದರೆ ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ ರಾಜ್ಯದ ಇತರ ಅನೇಕ ಊರುಗಳಂತೆ ಇಲ್ಲಿಯೂ 2020ರವರೆಗೆ ಅವರಿಗೆ ಅಧಿಕಾರ ಸಿಗಲಿಲ್ಲ. ಎರಡು ವರ್ಷ ಗೆದ್ದೂ ಮನೆಯಲ್ಲಿ! 2021ಕ್ಕೆ ಮೊದಲು ಮಡಿಕೇರಿಯಲ್ಲಿಯೂ ಚುನಾಯಿತ ಸಭೆಯಿಲ್ಲದೆ ಆಡಳಿತಾಧಿಕಾರಿಯೇ ಕೆಲಸ ನಡೆಸಿದ ಕಾಲವಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಅಹಮದಾಬಾದಿನ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಆಡಳಿತಾಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಬೀದಿಯ ದೀಪ ಆರಿದರೆ ಅವರ ಬಾಗಿಲು ತಟ್ಟಲು ಎಷ್ಟು ಜನರಿಗೆ ಧೈರ್ಯವಿದೆ? ವಾರ್ಡಿನ ಸದಸ್ಯನಾದರೆ ಶುಕ್ರವಾರ ಸಂತೆಯಲ್ಲಿ ಸಿಗುತ್ತಾನೆ, ಅಲ್ಲೇ ನಿಲ್ಲಿಸಿ ಕೇಳಬಹುದು.

ಯಾರನ್ನು ಏನು ಕೇಳಬೇಕು ಎಂಬುದು ಮುಖ್ಯ. ರೇಷನ್ ಕಾರ್ಡ್ ಆಗಲಿಲ್ಲ ಎಂದು ನಗರಸಭೆಯ ಸದಸ್ಯರನ್ನು ಬೈಯುವವರನ್ನು ನೋಡಿದ್ದೇನೆ. ಅದು ಆಹಾರ ಇಲಾಖೆಯ ಕೆಲಸ. ಕರೆಂಟ್ ಹೋದರೆ ಸೆಸ್ಕ್. ಊರಿನ ನಡುವೆ ಹೋಗುವ ಮೈಸೂರು ರಸ್ತೆಯ ಗುಂಡಿ ರಾಷ್ಟ್ರೀಯ ಹೆದ್ದಾರಿಯವರದು. ಕುಡಿಯುವ ನೀರು, ಚರಂಡಿ, ಬೀದಿದೀಪ, ಕಸ, ಸಂತೆ ಮಾರುಕಟ್ಟೆ, ಕಟ್ಟಡ ಪರವಾನಗಿ, ವ್ಯಾಪಾರದ ಪರವಾನಗಿ, ಖಬರಸ್ಥಾನ ಸ್ಮಶಾನಗಳ ವ್ಯವಸ್ಥೆ, ಜನನ ಮರಣ ನೋಂದಣಿ ಇವು ನಗರಸಭೆಯವು. ಕೂಟುಹೊಳೆಯ ನೀರು ನಿಮ್ಮ ಮನೆಯ ನಲ್ಲಿಗೆ ವಾರದಲ್ಲಿ ಎಷ್ಟು ದಿನ ಬರಬೇಕು, ಊರಿನ ಕಸ ಸ್ಟೂವರ್ಟ್ ಹಿಲ್‌ನಲ್ಲಿ ಎಷ್ಟು ಕಾಲ ಗುಡ್ಡವಾಗಿ ಬೆಳೆಯಬೇಕು ಎಂಬುದೆಲ್ಲ ಆ ಸಭೆಯಲ್ಲಿ ಚರ್ಚೆಯಾಗುವ ವಿಷಯ.

ಕಟ್ಟಡ ಪರವಾನಗಿಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಅದನ್ನು ನಾವು ಬಹಳ ಕಾಲ ಒಂದು ತಲೆನೋವಿನ ಕಾಗದ ಎಂದೇ ತಿಳಿದಿದ್ದೆವು. ಪರವಾನಗಿ ಇಲ್ಲದೆ ಬರೆ ಅಗೆದು ಮನೆ ಕಟ್ಟಿದವನನ್ನು ಚುರುಕಿನವ ಎಂದು ಹೊಗಳಿದ್ದೂ ಉಂಟು. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರಗಳ ಇಳಿಜಾರಿನಲ್ಲಿ ಮಣ್ಣು ಜಾರಿದಾಗ ಆ ಕಾಗದದ ಅರ್ಥ ತಿಳಿಯಿತು. ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಹೇಳುವ ಅಧಿಕಾರ ಒಂದು ಊರಿಗೆ ಕೊಟ್ಟಿರುವುದೇ ಜೀವ ಉಳಿಯಲಿ ಎಂದು. ಬಡವನಿಗೆ ಸಮತಟ್ಟು ಜಾಗ ಸಿಗುವುದಿಲ್ಲ, ಆದ್ದರಿಂದ ಅವನು ಇಳಿಜಾರಿಗೆ ಹೋಗುತ್ತಾನೆ ಎಂಬುದೂ ನಿಜ. ಅವನಿಗೆ ಬೇರೆ ಜಾಗ ಎಲ್ಲಿ ಎಂದು ಕೇಳಬೇಕಾದದ್ದೂ ಅದೇ ಸಭೆಯಲ್ಲಿ.

ಜನನ ನೋಂದಣಿಯ ವಿಷಯ ಶಿಕ್ಷಕಿಯಾಗಿ ನನಗೆ ದಿನನಿತ್ಯದ್ದು. ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿಯಾಗಬೇಕು. ಜನನ ಪ್ರಮಾಣಪತ್ರದಲ್ಲಿ ಮುಹಮ್ಮದ್, ಶಾಲೆಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್ ಎಂದು ಒಬ್ಬನೇ ಹುಡುಗ ಮೂವರಾಗಿ ಬರುತ್ತಾನೆ. ವಿದ್ಯಾರ್ಥಿವೇತನದ ಅರ್ಜಿ ಅಲ್ಲಿಗೆ ನಿಲ್ಲುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಆಧಾರ. ಹೆಸರು ಬರೆಸುವಾಗ ದಯವಿಟ್ಟು ಒಮ್ಮೆ ಯೋಚಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ನೋಡಿ ಸಹಿ ಮಾಡಿ.

ಮೀಸಲಾತಿಯ ಬಗ್ಗೆ ನಮ್ಮವರಲ್ಲಿ ಗೊಂದಲ ಜಾಸ್ತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳಿವೆ. ಹಿಂದುಳಿದ ವರ್ಗಗಳಿಗೆ ಎ ಮತ್ತು ಬಿ ಎಂದು ಎರಡು ಪಂಗಡ ಮಾಡಿದ್ದಾರೆ. ಶಿಕ್ಷಣ ಉದ್ಯೋಗಗಳಲ್ಲಿ ಕೇಳುವ 2ಬಿ ಎಂಬುದು ಇಲ್ಲಿ ಬರುವುದಿಲ್ಲ, ಸ್ಥಳೀಯ ಚುನಾವಣೆಯಲ್ಲಿ ಮುಸ್ಲಿಮರು ಇತರ ಅನೇಕ ಸಮುದಾಯಗಳೊಂದಿಗೆ 'ಹಿಂದುಳಿದ ವರ್ಗ ಎ' ಯಲ್ಲಿ ಸ್ಪರ್ಧಿಸುತ್ತಾರೆ. ಸಂವಿಧಾನ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಎಂದಿದೆ, ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿದೆ. ಅಂದರೆ ನಗರಸಭೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳು ಕುಳಿತಿರಬೇಕು. ಕುಳಿತಿರುತ್ತಾರೆ. ಆದರೆ ಕೆಲವು ಕಡೆ ಫೋನ್ ಎತ್ತುವವರು, ಗುತ್ತಿಗೆದಾರರ ಜೊತೆ ಮಾತನಾಡುವವರು ಗಂಡಂದಿರು. ಇದು ಯಾವುದೋ ಒಂದು ಸಮುದಾಯದ ಚಾಳಿಯಲ್ಲ, ಎಲ್ಲರಲ್ಲೂ ಇದೆ. ಹೆಣ್ಣುಮಕ್ಕಳೇ, ಸ್ಪರ್ಧಿಸಲು 21 ವರ್ಷವಾದರೆ ಸಾಕು, ಡಿಗ್ರಿ ಬೇಕೆಂದಿಲ್ಲ. ಮನೆ ಕಂದಾಯ ಮಾತ್ರ ಬಾಕಿ ಇರಬಾರದು. ಬಜೆಟ್ ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವ ಹುಡುಗಿಯರು ಈ ಸಭಾಂಗಣದಲ್ಲೇ ಇದ್ದಾರೆ, ನಾನು ಅವರ ಉತ್ತರಪತ್ರಿಕೆ ತಿದ್ದಿದ್ದೇನೆ.

ಭಾಷೆಯ ಶಿಕ್ಷಕಿಯಾದ್ದರಿಂದ ಒಂದು ಮಾತು ಹೇಳದೆ ಇರಲಾರೆ. ಉರ್ದುವಿನಲ್ಲಿ ನಗರಸಭೆಗೆ 'ಬಲ್ದಿಯಾ' ಎನ್ನುತ್ತಾರೆ. 'ಬಲದ್' ಅಂದರೆ ಊರು. ಕನ್ನಡದ 'ಪೌರ' ಬಂದದ್ದು 'ಪುರ'ದಿಂದ. ಎರಡು ಭಾಷೆಯೂ ಊರನ್ನೇ ಹೇಳುತ್ತವೆ. ಆ ಊರಿನ ಕಸ ಬೆಳಗಿನ ಮಂಜಿನಲ್ಲಿ ಎತ್ತುವವರಿಗೂ ಪೌರಕಾರ್ಮಿಕರು ಎಂದೇ ಹೆಸರು. ಉರ್ದುವಿನಲ್ಲಿ ಮತಕ್ಕೆ 'ರಾಯ್', ಅಂದರೆ ಅಭಿಪ್ರಾಯ. ಅಭಿಪ್ರಾಯ ಹೇಳಲು ಮೊದಲು ಪಟ್ಟಿಯಲ್ಲಿ ಹೆಸರಿರಬೇಕು.

ಆ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ನಗರಸಭೆಯ ಮತದಾರರ ಪಟ್ಟಿಯನ್ನು ವಿಧಾನಸಭೆಯ ಪಟ್ಟಿಯಿಂದಲೇ ವಾರ್ಡುವಾರು ವಿಂಗಡಿಸಿ ಮಾಡುತ್ತಾರೆ. ಹಾಗಾಗಿ ಅಲ್ಲಿ ಸರಿಯಿದ್ದರೆ ಇಲ್ಲಿಯೂ ಸಾಮಾನ್ಯವಾಗಿ ಸರಿಯಿರುತ್ತದೆ. ಕರಡು ಪಟ್ಟಿ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನ ಕೊಡುತ್ತಾರೆ, ಆ ದಿನಗಳಲ್ಲಿ ಯಾರೂ ಹೋಗಿ ನೋಡುವುದಿಲ್ಲ. ಹೊಸದಾಗಿ ಸೇರಲು ನಮೂನೆ 6. 17 ವರ್ಷ ತುಂಬಿದವರು ಈಗ ಮುಂಚಿತವಾಗಿಯೇ ಅರ್ಜಿ ಕೊಡಬಹುದು, 18 ತುಂಬಿದ ಮೇಲೆ ಹೆಸರು ಸೇರುತ್ತದೆ. ಮನೆ ಬದಲಾಗಿದ್ದರೆ, ಹೆಸರಿನ ಅಕ್ಷರ ತಪ್ಪಿದ್ದರೆ ನಮೂನೆ 8. ಮೊಬೈಲಿನಲ್ಲೂ ತುಂಬಬಹುದು, ಮತಗಟ್ಟೆ ಅಧಿಕಾರಿಯ ಕೈಗೂ ಕೊಡಬಹುದು. ಮತಗಟ್ಟೆ ಅಧಿಕಾರಿ ಎಂದರೆ ದೊಡ್ಡವರಲ್ಲ, ನಿಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆಯೋ ನಮ್ಮಂಥ ಶಿಕ್ಷಕರೋ ಇರುತ್ತಾರೆ.

ಸಭಾಂಗಣದ ಹಿಂದಿನ ಮೇಜಿನ ಮೇಲೆ ಎರಡೂ ನಮೂನೆಗಳನ್ನು ಇಟ್ಟಿದ್ದೇವೆ. ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡುತ್ತಿದ್ದೇನೆ. ಇವತ್ತು ಮನೆಗೆ ಹೋಗಿ ಅಜ್ಜ, ಅಜ್ಜಿ, ಮದುವೆಯಾಗಿ ಬಂದ ಅತ್ತಿಗೆ, ಬಾಡಿಗೆ ಮನೆ ಬದಲಿಸಿದ ಚಿಕ್ಕಪ್ಪ, ಇವರೆಲ್ಲರ ಕಾರ್ಡಿನ ವಿಳಾಸ ಮತ್ತು ಈಗಿರುವ ವಿಳಾಸವನ್ನು ಎರಡು ಸಾಲಿನಲ್ಲಿ ಬರೆದುಕೊಂಡು ಬನ್ನಿ. ಎರಡೂ ಬೇರೆಯಾಗಿದ್ದವರ ಅರ್ಜಿ ತುಂಬಿಸಲು ಸೋಮವಾರ ಶಾಲೆ ಬಿಟ್ಟ ಮೇಲೆ ಸಂಜೆ ಐದರವರೆಗೆ ನಾನೂ ನಮ್ಮ ಇಬ್ಬರು ಸಹೋದ್ಯೋಗಿಗಳೂ ಕುಳಿತಿರುತ್ತೇವೆ. ಬರುವಾಗ ವಿಳಾಸಕ್ಕೆ ಆಧಾರವಾಗಿ ನೀರಿನ ಬಿಲ್ಲೋ ಕರೆಂಟ್ ಬಿಲ್ಲೋ ಇದ್ದರೆ ಅದರ ನಕಲು ತನ್ನಿ, ಭಾವಚಿತ್ರವೊಂದಿರಲಿ, ಪೆನ್ನು ನಾವು ಕೊಡುತ್ತೇವೆ.