ಮಕ್ಕಳು ನೆಟ್ಟ ಗಿಡಕ್ಕೆ ಏಪ್ರಿಲ್‌ನಲ್ಲಿ ನೀರು ಯಾರು ಹಾಕ್ತಾರೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ಉಳಿತಾಯ, ಸಾಲದ ವಿಷಯ ಸ್ವಲ್ಪ ಬದಿಗಿಟ್ಟು, ನಮ್ಮ ಹೈಸ್ಕೂಲಿನ ಮಕ್ಕಳು ಮಾಡುವ ಪರಿಸರ ಕೆಲಸದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು ಟೀಚರುಗಳ ವಿಷಯ, ನಮಗ್ಯಾಕೆ ಅಂದುಕೊಳ್ಳಬೇಡಿ. ಶಾಲೆಯಲ್ಲಿ ಮಕ್ಕಳು ಶುರು ಮಾಡಿದ ಕೆಲಸ ಉಳಿಯುವುದೂ ಅಳಿಯುವುದೂ ನಮ್ಮ ಮನೆಗಳಲ್ಲಿ.

ಅನೇಕ ಪ್ರೌಢಶಾಲೆಗಳಲ್ಲಿ ‘ಇಕೋ ಕ್ಲಬ್’ ಇದೆ. ಕೇಂದ್ರದ ಪರಿಸರ ಸಚಿವಾಲಯ 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಯೋಜನೆ ತಂದಾಗ ಇಂಥ ಕ್ಲಬ್‌ಗಳು ಊರೂರಿನ ಶಾಲೆಗಳಲ್ಲಿ ಹುಟ್ಟಿಕೊಂಡವು. 2024ರ ಜೂನ್ 5ರಂದು ತಾಯಿಯ ಹೆಸರಿನಲ್ಲಿ ಗಿಡ ನೆಡುವ ಅಭಿಯಾನ ದೇಶದಲ್ಲಿ ಆರಂಭವಾಯಿತು. ಆಗಲೂ ಶಾಲಾ ಮಕ್ಕಳು ಗಿಡ ನೆಟ್ಟರು. ಸಂತೋಷ. ಆದರೆ ನೆಡುವುದು ಒಂದು ದಿನದ ಕೆಲಸ. ಜೂನ್‌ನಲ್ಲಿ ಮಳೆಯೇ ನೀರು ಹಾಕುತ್ತದೆ. ಏಪ್ರಿಲ್‌, ಮೇ ಬಂದರೆ ಶಾಲೆಗೆ ರಜೆ, ಗೇಟಿಗೆ ಬೀಗ, ತಲೆ ಸುಡುವ ಬಿಸಿಲು. ಗಿಡ ಒಣಗುತ್ತದೆ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ, ಇನ್ನೊಂದು ಫೋಟೋ! ತಾಯಿಯ ಹೆಸರಿಟ್ಟ ಗಿಡ ಸತ್ತರೆ ಮಗು ಏನು ಕಲಿಯಿತು ಹೇಳಿ?

ಮಕ್ಕಳೇ ನಡೆಸುವ ಯೋಜನೆ ಅಂದರೆ ಬೇರೆ. ಅಲ್ಲಿ ಮಕ್ಕಳು ಅಳೆಯುತ್ತಾರೆ, ಬರೆಯುತ್ತಾರೆ, ಪ್ರಶ್ನೆ ಕೇಳುತ್ತಾರೆ. ಬಿಸಿಯೂಟದಲ್ಲಿ ದಿನಾ ಎಷ್ಟು ಅನ್ನ ಬಿಸಾಡುತ್ತೇವೆ ಅಂತ ತೂಗಿ ನೋಡುತ್ತಾರೆ. ಸೋರುವ ನಲ್ಲಿಯ ಕೆಳಗೆ ಬಾಲ್ದಿ ಇಡುತ್ತಾರೆ. ಮಳೆಯ ಲೆಕ್ಕವೂ ಸುಲಭ. 1 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಶಾಲೆಯ ಮಾಡು 200 ಚದರ ಮೀಟರ್ ಇದ್ದು, ಒಂದು ದಿನ 50 ಮಿ.ಮೀ. ಮಳೆ ಬಂದರೆ 10,000 ಲೀಟರ್! ಅಷ್ಟೂ ಚರಂಡಿಗೆ ಹೋಗುತ್ತದೆ. ಬೇಸಗೆಯಲ್ಲಿ ಅದೇ ಶಾಲೆಯ ಬಾವಿ ಬತ್ತುತ್ತದೆ. ಈ ಲೆಕ್ಕ ಹಿಡಿದುಕೊಂಡು ಮಕ್ಕಳು ಮುಖ್ಯೋಪಾಧ್ಯಾಯರ ಮುಂದೆ, ಶಾಲಾಭಿವೃದ್ಧಿ ಸಮಿತಿಯ ಮುಂದೆ ನಿಲ್ಲಬಹುದು. ಪುಸ್ತಕ ಸರಿಯಾಗಿದ್ದರೆ ಬ್ಯಾಂಕಿನವರು ನಮಗೆ ಕುರ್ಚಿ ಕೊಡ್ತಾರೆ, ಅಲ್ವಾ? ಮಕ್ಕಳಿಗೂ ಹಾಗೆಯೇ. ಲೆಕ್ಕ ಇದ್ದರೆ ಮಾತಿಗೆ ಬೆಲೆ.

ಇನ್ನೊಂದು ತೊಡಕು ಇದೆ. ಹೈಸ್ಕೂಲು ಅಂದರೆ ಮೂರೇ ವರ್ಷ. ಹತ್ತನೆಯವರು ಪರೀಕ್ಷೆ ಬರೆದು ಹೊರಟುಹೋದರೆ ಕೆಲಸವೂ ಅವರ ಜೊತೆ ಹೊರಟುಹೋಗುತ್ತದೆ. ಅದಕ್ಕೇ ಒಂಬತ್ತನೆಯವರು ಎಂಟನೆಯವರಿಗೆ ಕಲಿಸಿ, ಪುಸ್ತಕ ಅವರ ಕೈಗೆ ಕೊಡಬೇಕು. ನಮ್ಮ ಸಂಘದಲ್ಲಿ ಹಳೆಯ ಪ್ರತಿನಿಧಿ ಹೊಸಬಳಿಗೆ ಲೆಕ್ಕ ಒಪ್ಪಿಸುವುದಿಲ್ಲವೇ? ಹಾಗೆ.

ಈಗ ಅಸ್ಸಾಮಿನ ಒಂದು ಶಾಲೆಯ ವಿಷಯ ಕೇಳಿ. ಗುವಾಹಾಟಿ ಹತ್ತಿರದ ಪಾಮೋಹಿಯಲ್ಲಿ 2016ರಲ್ಲಿ ‘ಅಕ್ಷರ್’ ಎಂಬ ಶಾಲೆ ಶುರುವಾಯಿತು. ಅಲ್ಲಿ ಚಳಿ ಕಾಯಿಸಲು ಜನ ಪ್ಲಾಸ್ಟಿಕ್ ಸುಡುತ್ತಿದ್ದರು. ಆ ಹೊಗೆ ತರಗತಿಯ ಒಳಗೇ ನುಗ್ಗುತ್ತಿತ್ತು. ಶಾಲೆಯವರು ‘ಹಣ ಬೇಡ, ಮನೆಯ ಪ್ಲಾಸ್ಟಿಕ್ ಕಸವನ್ನೇ ಫೀಸಾಗಿ ತನ್ನಿ’ ಅಂದರು. ಇನ್ನು ಸುಡುವುದಿಲ್ಲ ಎಂದು ಹೆತ್ತವರಿಂದ ಮಾತು ಪಡೆದರು. ಮಕ್ಕಳು ಆ ಕಸವನ್ನು ಬಾಟಲಿಗಳಲ್ಲಿ ಒತ್ತಿ ತುಂಬಿ ಇಟ್ಟಿಗೆಯಂತೆ ಬಳಸಿದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಪಾಠ ಹೇಳಿಕೊಟ್ಟರು. ದಾರಿ ತೋರಿಸಿದ್ದು ಶಾಲೆ, ಕೈ ಹಾಕಿದ್ದು ಮಕ್ಕಳು. ಆದರೆ ಮನೆಯವರು ಮಾತು ಕೊಡದೆ ಹೊಗೆ ನಿಲ್ಲುವ ಹಾಗಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಆ ಚಳಿ ಇಲ್ಲ. ಆದರೆ ಬಚ್ಚಲ ಒಲೆ ಇದೆ! ಹಂಡೆಯ ಬೆಂಕಿ ಬೇಗ ಹಿಡಿಯಲಿ ಅಂತ ಹಾಲಿನ ತೊಟ್ಟೆ, ಬಿಸ್ಕೆಟ್ ಕವರು ಒಳಗೆ ತುರುಕುತ್ತೇವೆ. ಪ್ಲಾಸ್ಟಿಕ್ ಹೀಗೆ ಉರಿದರೆ ವಿಷದ ಹೊಗೆ ಬರುತ್ತದೆ. ಅದರಲ್ಲಿ ಪಿವಿಸಿ ಇದ್ದರೆ ಡಯಾಕ್ಸಿನ್ ಎಂಬ ಕ್ಯಾನ್ಸರ್ ತರುವ ವಿಷವೂ ಉಂಟಾಗುತ್ತದೆ. ಒಲೆಯ ಮುಂದೆ ಬಗ್ಗಿ ಊದುವವರು ಯಾರು? ನಾವೇ. ಬೂದಿ ಹೋಗುವುದು ಎಲ್ಲಿಗೆ? ಮಲ್ಲಿಗೆ ಬುಡಕ್ಕೆ, ಬಸಳೆ ಬುಡಕ್ಕೆ. ಎಂಟನೇ ಕ್ಲಾಸಿನ ಮಗಳು ‘ಅಮ್ಮಾ, ತೊಟ್ಟೆ ಹಾಕಬೇಡ’ ಅಂದರೆ ‘ನೀನು ನನಗೆ ಕಲಿಸ್ತೀಯಾ’ ಅಂತ ಬಾಯಿ ಮುಚ್ಚಿಸುವುದು ಸುಲಭ. ಅಲ್ಲಿಗೆ ಶಾಲೆಯ ಯೋಜನೆ ಮುಗಿಯಿತು. ಒಣ ಮಡಲು, ಗೆರಟೆ ನಮ್ಮಲ್ಲಿ ಧಾರಾಳ ಇದೆ. ತೊಟ್ಟೆಯನ್ನು ತೊಳೆದು ಒಣಗಿಸಿ ಪಂಚಾಯತಿನ ಕಸದ ಗಾಡಿಗೆ ಕೊಡಿ. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯತ್‌ಗಳಲ್ಲಿ ಆ ಗಾಡಿ, ಒಣಕಸದ ಘಟಕ ನಡೆಸುವವರೂ ನಮ್ಮಂಥ ಸಂಘದ ಮಹಿಳೆಯರೇ.

ಹಾಗಾದರೆ ನಮ್ಮ ಸಂಘಗಳು ಏನು ಮಾಡಬಹುದು? ಮೂರು ಮಾತು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂದು, ರಜೆ ಶುರುವಾಗುವ ಮೊದಲು ಮುಖ್ಯೋಪಾಧ್ಯಾಯರಲ್ಲಿ ಮಾತಾಡಿ, ಗೇಟಿನ ಕೀಲಿಕೈ ಯಾರಲ್ಲಿ ಇರಬೇಕು, ನೀರು ಎಲ್ಲಿಂದ ಎಂದು ತೀರ್ಮಾನಿಸಿ. ನೀರು ಹಾಕುವ ಸರದಿಯನ್ನು ಮಕ್ಕಳೇ ಬರೆಯಲಿ. ವಾರಕ್ಕೆ ಇಬ್ಬರು ಸದಸ್ಯೆಯರು ಅವರ ಜೊತೆ ಇದ್ದರೆ ಸಾಕು.

ಎರಡು, ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕುವುದಿಲ್ಲ ಎಂದು ಪ್ರತಿ ಸದಸ್ಯೆಯೂ ತನ್ನ ಮನೆಯ ಮಕ್ಕಳಿಗೆ ಮಾತು ಕೊಡಲಿ.

ಮೂರು, ವರ್ಷಕ್ಕೊಮ್ಮೆ ಇಕೋ ಕ್ಲಬ್ಬಿನ ಮಕ್ಕಳನ್ನು ಸಂಘದ ಸಭೆಗೆ ಕರೆದು ಅವರ ಲೆಕ್ಕ ಕೇಳಿ. ಬದುಕಿದ ಗಿಡ ಎಷ್ಟು, ಸತ್ತದ್ದು ಎಷ್ಟು, ಯಾಕೆ ಅಂತ ಕೇಳಿ. ಬೈಯಬೇಡಿ.

ಒಂದು ಎಚ್ಚರ ಇರಲಿ. ಮಕ್ಕಳ ಕೆಲಸವನ್ನು ನಾವೇ ಮಾಡಿಕೊಡಬಾರದು. ನಡೆಸುವವರು ಅವರು, ಬೆನ್ನಿಗೆ ನಿಲ್ಲುವವರು ನಾವು. ಇವತ್ತು ಹದಿನಾಲ್ಕು ವರ್ಷದ ಹುಡುಗಿ ಲೆಕ್ಕ ಇಟ್ಟು ನಾಲ್ಕು ಜನರ ಮುಂದೆ ಮಾತಾಡಲು ಕಲಿತರೆ, ನಾಳೆ ಗ್ರಾಮಸಭೆಯಲ್ಲಿ ಊರಿನ ಬಾವಿಗಾಗಿ, ಕೆರೆಗಾಗಿ ಎದ್ದು ನಿಲ್ಲುವವಳು ಅವಳೇ.